ಸೈಟಿನ ಪರಿಸರ ಲೆಕ್ಕ ಇಡುವುದು ಹೇಗೆ?

ಪುಣೆಯ ಕಟ್ಟಡ ಸೈಟುಗಳಲ್ಲಿ ಕನ್ನಡ ಕಿವಿಗೆ ಬೀಳದ ದಿನವಿಲ್ಲ. ಇಂಡಿ, ಸಿಂದಗಿ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದವರು ಸೆಂಟ್ರಿಂಗ್ ಕಟ್ಟುತ್ತಾರೆ, ಕಬ್ಬಿಣ ಬಾಗಿಸುತ್ತಾರೆ, ಬುಟ್ಟಿ ಹೊರುತ್ತಾರೆ. ಈಗೀಗ ನಮ್ಮ ಕಡೆಯ ಹುಡುಗರು, ಹುಡುಗಿಯರು ಎಂಜಿನಿಯರ್ ಆಗಿ, ಸೇಫ್ಟಿ ಆಫೀಸರ್ ಆಗಿಯೂ ಬರುತ್ತಿದ್ದಾರೆ. ಬಂದ ತಿಂಗಳೊಳಗೆ ಅವರಲ್ಲೊಬ್ಬರ ಕೈಗೆ ದಪ್ಪ ಫೈಲು ಸೇರುತ್ತದೆ. 'ಎನ್ವಿರಾನ್‌ಮೆಂಟ್ ಇನ್ಮೇಲೆ ನೀವೇ ನೋಡ್ಕೊಳ್ಳಿ' ಅಂತ ಮಾತು ಮುಗಿಯುತ್ತದೆ. ಏನು ನೋಡಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ಯಾರೂ ಹೇಳುವುದಿಲ್ಲ.

ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಆಫೀಸಿನ ಫೈಲಿಗೆ ಬಣ್ಣಬಣ್ಣದ ಟ್ಯಾಗು ಅಂಟಿಸಿರುತ್ತಾರೆ. ಗೇಟಿನ ಹೊರಗೆ ನೂರು ಅಡಿ ರಸ್ತೆ ಕೆಸರಾಗಿರುತ್ತದೆ. ಇದನ್ನು ಎಷ್ಟು ಸೈಟಿನಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಹೊಸದಾಗಿ ಬರುವವರಾದರೂ ಈ ತಪ್ಪು ಮಾಡಬಾರದು ಎಂದು ಬರೆಯುತ್ತಿದ್ದೇನೆ.

ಮೊದಲು ಕಾಗದ ಕೂಡಿಸಿ

ಇದು ಅರ್ಧ ದಿನದ ಕೆಲಸ. ಕಟ್ಟುವ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಜಾಸ್ತಿ ಇದ್ದರೆ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಡಿ ಪಡೆದ ಪರಿಸರ ಅನುಮತಿ ಪತ್ರ ಇರಬೇಕು. ಜೊತೆಗೆ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್, ಅಂದರೆ ಒಪ್ಪಿಗೆ ಪತ್ರ ಬೇಕು. ಕೆಲಸ ಶುರು ಮಾಡುವ ಮೊದಲು ಒಂದು, ಕಟ್ಟಡ ಬಳಕೆಗೆ ಬರುವ ಮೊದಲು ಇನ್ನೊಂದು. ಮರ ಕಡಿಯಲು ಮಹಾನಗರ ಪಾಲಿಕೆಯ ಅನುಮತಿ ಬೇರೆ. ಎಲ್ಲದರ ಜೆರಾಕ್ಸ್ ಸೈಟ್ ಆಫೀಸಿನಲ್ಲೇ ಇಡಿ. ಹೆಡ್ ಆಫೀಸಿನಲ್ಲಿ ಇದೆ ಅನ್ನುವ ಉತ್ತರ ಇನ್‌ಸ್ಪೆಕ್ಷನ್ ದಿನ ನಡೆಯುವುದಿಲ್ಲ.

ಷರತ್ತು ಒಡೆಯುವ ಕೆಲಸ

ಎಲ್ಲರೂ ಎಡವುವುದು ಇಲ್ಲಿ. ಇದಕ್ಕೆ ಒಂದು ವಾರ ಕೊಡಿ, ಅವಸರ ಬೇಡ.

ಅನುಮತಿ ಪತ್ರದಲ್ಲಿ ಷರತ್ತುಗಳು ಸಾಲುಸಾಲಾಗಿ ಇರುತ್ತವೆ. ಹೆಚ್ಚಿನವರು ಅವನ್ನು ಹಾಗೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪಕ್ಕದಲ್ಲಿ 'ಪಾಲಿಸಲಾಗಿದೆ' ಎಂದು ಬರೆದು ಬಿಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ. 'ಧೂಳು ನಿಯಂತ್ರಿಸಬೇಕು' ಎಂಬ ಒಂದೇ ಸಾಲನ್ನು ತೆಗೆದುಕೊಳ್ಳಿ. ಸೈಟಿನಲ್ಲಿ ಅದು ಒಂದು ಕೆಲಸವಲ್ಲ, ಕಡಿಮೆ ಅಂದರೂ ಏಳು ಕೆಲಸ. ಒಳರಸ್ತೆಗೆ ನೀರು. ಗೇಟಿನಲ್ಲಿ ಗಾಲಿ ತೊಳೆಯುವುದು. ಮರಳು, ಜಲ್ಲಿ ರಾಶಿಗೆ ತಾಡಪತ್ರಿ. ಟೈಲ್ಸ್, ಕಲ್ಲು ಕೊಯ್ಯುವ ಜಾಗಕ್ಕೆ ಮೂರು ಕಡೆ ಮರೆ. ಡಂಪರ್ ಹೊರಡುವ ಮುಂಚೆ ಮೇಲೆ ಹೊದಿಕೆ. ಮೇಲಿನ ಮಹಡಿಯಿಂದ ರಾಡಾರೋಡಾ, ಅಂದರೆ ಒಡೆದ ಕಟ್ಟಡದ ಕಸ ಇಳಿಸಲು ಮುಚ್ಚಿದ ಕೊಳವೆ. ಸುತ್ತ ಪತ್ರಾ (ತಗಡಿನ) ಬೇಲಿ. ಏಳನ್ನೂ ಏಳು ಸಾಲಾಗಿ ಬರೆಯಿರಿ. ಪ್ರತಿ ಸಾಲಿಗೂ ಎಲ್ಲಿ, ಯಾರು, ಯಾವಾಗ, ಏನು ಸಾಕ್ಷಿ ಎಂಬ ನಾಲ್ಕು ಮನೆ ಮಾಡಿ.

'ಯಾರು' ಎಂಬ ಮನೆಯಲ್ಲಿ 'ಕಂಟ್ರಾಕ್ಟರ್' ಎಂದು ಬರೆಯಬೇಡಿ. ಮನುಷ್ಯರ ಹೆಸರು ಬರೆಯಿರಿ. ಆ ಹೆಸರಿನವರು ರಜೆ ಹೋದರೆ ಯಾರು ಎಂಬುದನ್ನೂ ಬರೆಯಿರಿ. ದೀಪಾವಳಿಗೆ, ಊರ ಜಾತ್ರೆಗೆ ಅರ್ಧ ಸೈಟು ಖಾಲಿಯಾಗುತ್ತದೆ. ನೀರು ಹೊಡೆಯುವವರೂ ಊರಿಗೆ ಹೋಗಿರುತ್ತಾರೆ. 'ಯಾವಾಗ' ಎಂಬಲ್ಲಿ 'ನಿಯಮಿತವಾಗಿ' ಅನ್ನುವ ಮಾತು ಬೇಡವೇ ಬೇಡ. ಬೆಳಿಗ್ಗೆ 7, ಹತ್ತೂವರೆ, ಮಧ್ಯಾಹ್ನ 2, ಸಂಜೆ 4 ಎಂದು ಗಂಟೆ ಹಾಕಿ.

ಈ ಪಟ್ಟಿಯನ್ನು ಕುರ್ಚಿಯಲ್ಲಿ ಕೂತು ಮಾಡಬೇಡಿ. ಪುಣೆಯ ವಾಘೋಲಿ ಹತ್ತಿರದ ಒಂದು ಸೈಟಿನಲ್ಲಿ ನಾನು ನೀರು ಹೊಡೆಯಲು ಗೇಟಿನ ಮುಂದಿನ ಜಾಗ ಗುರುತು ಹಾಕಿದ್ದೆ. ಪೈಪು ಹಿಡಿದಿದ್ದ ಜೇವರ್ಗಿ ಕಡೆಯ ಹೆಂಗಸು ಮೂರನೇ ದಿನ ತಡೆದು ನಿಲ್ಲಿಸಿದರು. 'ಸಾಹೇಬ್ರ, ನೀವು ಇಲ್ಲಿ ಹೊಡಿ ಅಂತೀರಿ. ಧೂಳ ಏಳೂದು ಅಲ್ಲಿ ನೋಡ್ರಿ' ಎಂದು ಬೇಸ್‌ಮೆಂಟ್ ಇಳಿಜಾರಿನ ತಿರುವು ತೋರಿಸಿದರು. ಡಂಪರ್ ಅಲ್ಲಿಗೆ ಬಂದು ಗೇರ್ ಬದಲಿಸಿತು. ಹಿಂದಿನ ಗಾಲಿ ಒಂದು ಸುತ್ತು ಜಾರಿತು. ಹಿಟ್ಟಿನಂಥ ಕೆಂಪು ಮಣ್ಣು ಆಳೆತ್ತರ ಎದ್ದಿತು. ಅವತ್ತಿನಿಂದ ಪಟ್ಟಿ ಮಾಡುವ ಮುಂಚೆ ಎರಡು ದಿನ ಸೈಟಿನಲ್ಲಿ ಓಡಾಡುತ್ತೇನೆ, ಕೆಲಸ ಮಾಡುವವರನ್ನು ಕೇಳುತ್ತೇನೆ.

ಗಾಲಿ ತೊಳೆಯುವ ಜಾಗದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಗೇಟಿನಲ್ಲಿ ಒಬ್ಬ ಹುಡುಗನ ಕೈಗೆ ಪೈಪು ಕೊಟ್ಟು ನಿಲ್ಲಿಸಿದರೆ ಅದು ವೀಲ್ ವಾಶ್ ಆಗುವುದಿಲ್ಲ. ಕೆಸರು ಗಾಲಿಯಿಂದ ಇಳಿದು ಅಲ್ಲೇ ನಿಲ್ಲುತ್ತದೆ, ಹಿಂದೆ ಬರುವ ಗಾಡಿ ಅದನ್ನೇ ರಸ್ತೆಗೆ ಒಯ್ಯುತ್ತದೆ. ಗಾಲಿ ಪೂರ್ತಿ ಒಂದು ಸುತ್ತು ತಿರುಗುವಷ್ಟು ಉದ್ದದ ಕಾಂಕ್ರೀಟ್ ತೊಟ್ಟಿ ಬೇಕು. ಅದರ ಮೇಲೆ ಕಬ್ಬಿಣದ ಜಾಲರಿ, ಪಕ್ಕದಲ್ಲಿ ಕೆಸರು ಕೂರುವ ಗುಂಡಿ ಬೇಕು. ತೊಳೆದ ನೀರು ತಿಳಿಯಾಗಿ ಮತ್ತೆ ಪಂಪಿಗೇ ಬರಬೇಕು. ತೊಟ್ಟಿಯಿಂದ ಮುಖ್ಯರಸ್ತೆವರೆಗೆ ಗಟ್ಟಿ ನೆಲ ಇರಲೇಬೇಕು. ತೊಳೆದ ಗಾಲಿ ಮತ್ತೆ ಮಣ್ಣು ತುಳಿದರೆ ಏನು ಉಪಯೋಗ, ಅಲ್ವಾ? ಗುಂಡಿಯ ಕೆಸರನ್ನು ಎರಡು ದಿನಕ್ಕೊಮ್ಮೆ ತೆಗೆಸಿ, ತೆಗೆದವರ ಹೆಸರು ದಿನದ ಲೆಕ್ಕದ ಪುಸ್ತಕಕ್ಕೆ ಬರೆಯಿರಿ.

ಪಟ್ಟಿ ಸಿದ್ಧವಾದ ಮೇಲೆ ಅದನ್ನು ಕಂಟ್ರಾಕ್ಟರಿಗೆ ಕೆಲಸ ಒಪ್ಪಿಸುವ ಕಾಗದಕ್ಕೆ, ಅಂದರೆ ವರ್ಕ್ ಆರ್ಡರಿಗೆ ಸೇರಿಸಬೇಕು. ಇದನ್ನು ಮರೆತರೆ ಮೇಲಿನದೆಲ್ಲ ವ್ಯರ್ಥ. ನೀರು ಹೊಡೆಯುವ ಕೂಲಿ, ತಾಡಪತ್ರಿ, ಗುಂಡಿ ಶುಚಿಗೆ ಬಿಲ್ಲಿನಲ್ಲಿ ಬೇರೆ ಸಾಲು ಇರಬೇಕು. ಸಾಲೇ ಇಲ್ಲದ ಕೆಲಸವನ್ನು ಯಾವ ಕಂಟ್ರಾಕ್ಟರನೂ ಮೂರು ದಿನಕ್ಕಿಂತ ಜಾಸ್ತಿ ಮಾಡುವುದಿಲ್ಲ. ಅವನನ್ನು ಬೈದು ಪ್ರಯೋಜನವಿಲ್ಲ. ಸಹಿ ಆಗುವ ಮುಂಚೆಯೇ ಖರೀದಿ ವಿಭಾಗದವರ ಪಕ್ಕ ಕೂತು ಸೇರಿಸಿ. ಸಹಿ ಆದ ಮೇಲೆ ಸೇರಿಸುವುದು ತುಂಬಾ ಕಷ್ಟ.

ಕೂಲಿಯವರ ಮುಖ್ಯಸ್ಥರಾದ ಮುಕಾದಮರಿಗೆ ಕೊಡುವ ಪಟ್ಟಿಯ ಪ್ರತಿ ಅವರ ಭಾಷೆಯಲ್ಲಿರಲಿ. ನಾನು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬರೆಸಿ ಗೇಟಿನ ಬಳಿ ತೂಗುಹಾಕುತ್ತೇನೆ. ಬೆಳಗಿನ ಟೂಲ್‌ಬಾಕ್ಸ್ ಮಾತಿನಲ್ಲಿ, ಅಂದರೆ ಕೆಲಸ ಶುರುವಾಗುವ ಮುಂಚಿನ ಸುರಕ್ಷತೆಯ ಮಾತಿನಲ್ಲಿ, ಎರಡು ನಿಮಿಷ ಇದಕ್ಕೇ ಮೀಸಲು.

ಅಂಗಡಿಯವರು ಹೇಳಿದ್ದೆಲ್ಲ ತರಬೇಡಿ

ಕಟ್ಟಡಕ್ಕೆ ಹೊದಿಸುವ ತೆಳ್ಳನೆಯ ಹಸಿರು ಬಲೆ ಅಗ್ಗಕ್ಕೆ ಸಿಗುತ್ತದೆ. ಒಂದೇ ಬೇಸಿಗೆಯಲ್ಲಿ ಪುಡಿಯಾಗಿ, ಪ್ಲಾಸ್ಟಿಕ್ ಎಳೆ ಸುತ್ತಲಿನ ಮನೆಗಳ ಬಾಲ್ಕನಿಗೆ ಬೀಳುತ್ತದೆ. ದಪ್ಪ ಬಲೆಯನ್ನೇ ತನ್ನಿ. ಧೂಳು ಕೂರಿಸಲು ನೀರಿನ ಮಂಜು ಚಿಮ್ಮುವ ಫಿರಂಗಿ ಒಳ್ಳೆಯ ಯಂತ್ರ. ಆದರೆ ಗಾಲಿ ತೊಳೆಯುವ ಜಾಗ ಕಟ್ಟದೆ ಅದನ್ನು ಮೊದಲು ಕೊಳ್ಳುವುದು ತಪ್ಪು. ಶಬ್ದ ಅಳೆಯಲು ಮೊಬೈಲ್ ಆ್ಯಪ್ ಸುಮ್ನೆ ಅಂದಾಜಿಗೆ ಸಾಕು, ವರದಿಗೆ ಬೇಡ.

ಮುಂಬೈ ಸೈಟಿಗೆ ಹೋಗುವವರು ಅಲ್ಲಿನ ಪಾಲಿಕೆ 2023ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಧೂಳಿನ ಮಾರ್ಗಸೂಚಿ ಓದಿಕೊಂಡೇ ಹೋಗಿ. ಜಾಗ ಒಂದು ಎಕರೆಗಿಂತ ದೊಡ್ಡದಾದರೆ ಸುತ್ತ 35 ಅಡಿ ಎತ್ತರದ ಪತ್ರಾ ಬೇಕು, ಚಿಕ್ಕದಾದರೆ 25 ಅಡಿ. 2024ರ ಡಿಸೆಂಬರ್ ಕೊನೆಯಲ್ಲಿ ಗಾಳಿ ಕೆಟ್ಟಾಗ ಬೈಕುಲಾ ಮತ್ತು ಬೋರಿವಲಿ ಪೂರ್ವದಲ್ಲಿ ಕಟ್ಟಡ ಕೆಲಸವನ್ನೇ ನಿಲ್ಲಿಸಿದ್ದರು. ಕೆಲಸ ನಿಂತರೆ ಮೊದಲು ಹೊಟ್ಟೆಗೆ ಹೊಡೆತ ಬೀಳುವುದು ದಿನಗೂಲಿಯವರಿಗೆ.

ಅಳತೆ ಮಾಡಿಸುವಾಗ ಪಕ್ಕದಲ್ಲೇ ನಿಲ್ಲಿ

ಗಾಳಿಯಲ್ಲಿನ ಧೂಳು ಅಳೆಯುವ ಕೆಲಸವನ್ನು ಮಾನ್ಯತೆ ಇರುವ ಲ್ಯಾಬಿಗೇ ಕೊಡಿ. ಗಾಳಿ ಎಳೆಯುವ ಯಂತ್ರವನ್ನು ಎಲ್ಲಿಡಬೇಕು ಎಂದು ನೀವೇ ಹೇಳಿ. ಬಿಟ್ಟರೆ ಲ್ಯಾಬಿನ ಹುಡುಗ ಪ್ಲಗ್ ಸಿಗುವ ಕಡೆ, ಅಂದರೆ ಸೆಕ್ಯುರಿಟಿ ಕ್ಯಾಬಿನ್ ಗೋಡೆ ಪಕ್ಕ ಇಟ್ಟುಬಿಡುತ್ತಾನೆ. ಅಲ್ಲಿ ಗಾಳಿಯೇ ಆಡುವುದಿಲ್ಲ. ಅವತ್ತು ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡಿ. ಸೈಟು ದಾಟಿ ಗಾಳಿ ಹೊರಗೆ ಹೋಗುವ ಅಂಚಿನಲ್ಲಿ ಒಂದು, ಒಳಗೆ ಬರುವ ಅಂಚಿನಲ್ಲಿ ಒಂದು ಇಡಿಸಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಸೈಟಿನ ಧೂಳು. ಬಿಳಿ ಫಿಲ್ಟರ್ ಪೇಪರ್ ತೆಗೆಯುವಾಗ ಬಣ್ಣ ನೋಡಿ. ಬೂದಿ ಬಣ್ಣಕ್ಕೆ ತಿರುಗಿದ ಪೇಪರ್ ನೋಡಿಯೂ ವರದಿಯಲ್ಲಿ ಹೋದ ಸಲದ ಅಂಕಿಯೇ ಬಂದರೆ ಆ ಲ್ಯಾಬ್ ಬಿಡಿ. 10 ಮೈಕ್ರಾನ್ ಒಳಗಿನ ಕಣಕ್ಕೆ 24 ಗಂಟೆಯ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಮಿತಿ ಮೀರಿದರೆ ಮೀರಿದ್ದನ್ನೇ ಬರೆಯಿರಿ, ಕಾರಣ ಏನು, ಏನು ಸರಿಪಡಿಸಿದಿರಿ ಎಂಬುದನ್ನೂ ಬರೆಯಿರಿ.

ಶಬ್ದದ ಮಿತಿ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ. ರಾತ್ರಿ ಕಾಂಕ್ರೀಟ್ ಬೇಡವೇ ಬೇಡ ಎಂಬುದು ನನ್ನ ಹಟ. ಜನರೇಟರಿನ ಹೊಗೆ ಕೊಳವೆಗೂ ಲೆಕ್ಕ ಇದೆ. ಜನರೇಟರಿನ ಸಾಮರ್ಥ್ಯ ಹೇಳುವ ಕೆವಿಎ ಅಂಕಿಯ ವರ್ಗಮೂಲವನ್ನು 0.2ರಿಂದ ಗುಣಿಸಿ. 100 ಕೆವಿಎಗೆ 2 ಮೀಟರ್ ಬರುತ್ತದೆ. ಜನರೇಟರ್ ಇರುವ ಕಟ್ಟಡದ ಎತ್ತರಕ್ಕಿಂತ ಅಷ್ಟು ಮೇಲೆ ಕೊಳವೆ ಇರಬೇಕು.

ಹಳೆ ಎಣ್ಣೆ ಮತ್ತು ನೀಲಿ ಪ್ರತಿ

ಜನರೇಟರ್, ಜೆಸಿಬಿಯಿಂದ ತೆಗೆದ ಎಣ್ಣೆ ಅಪಾಯಕಾರಿ ತ್ಯಾಜ್ಯ. 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಸೆಂಟ್ರಿಂಗ್ ಹಲಗೆಗೆ ಹಚ್ಚಲು ಕೊಡಬೇಡಿ. ಹಲವು ಕಡೆ ಇದು ಮಾಮೂಲಿಯಾಗಿದೆ. ಹಚ್ಚುವವರ ಕೈ ಮೊಣಕೈತನಕ ಕಪ್ಪಾಗಿರುತ್ತದೆ, ಚರ್ಮ ಬಿರುಕು ಬಿಟ್ಟಿರುತ್ತದೆ. ಡ್ರಮ್ಮನ್ನು ಚಾವಣಿ ಇರುವ ಕಡೆ, ಅಂಚು ಕಟ್ಟಿದ ಸಿಮೆಂಟ್ ನೆಲದ ಮೇಲೆ ಇಡಿ. ಚೀಟಿ ಅಂಟಿಸಿ ತಾರೀಖು ಬರೆಯಿರಿ.

ಅಧಿಕೃತ ಸಂಸ್ಥೆಯ ಗಾಡಿ ಬಂದಾಗ ಏಳು ಬಣ್ಣದ ಪ್ರತಿಗಳ ಮ್ಯಾನಿಫೆಸ್ಟ್, ಅಂದರೆ ಸಾಗಣೆ ಚೀಟಿ ತುಂಬಬೇಕು. ಗಾಡಿಯವನ ಸಹಿ ಹಾಕಿಸಿ ಹಳದಿ ಪ್ರತಿ ನೀವು ಇಟ್ಟುಕೊಳ್ಳುತ್ತೀರಿ. ಎಣ್ಣೆ ಮುಟ್ಟಿದ ಮೇಲೆ ತೆಗೆದುಕೊಂಡವರು ನೀಲಿ ಪ್ರತಿ ನಿಮಗೆ ವಾಪಸ್ ಕಳಿಸಬೇಕು. ಹಳದಿ ಕೈಗೆ ಬಂತು, ಮುಗಿಯಿತು ಎಂದು ಎಲ್ಲರೂ ಕೂತುಬಿಡುತ್ತಾರೆ. ಎಣ್ಣೆ ಸರಿಯಾದ ಜಾಗ ಮುಟ್ಟಿತು ಎನ್ನುವುದಕ್ಕೆ ನೀಲಿ ಪ್ರತಿಯೇ ಸಾಕ್ಷಿ. ಹದಿನೈದು ದಿನದಲ್ಲಿ ಬರದಿದ್ದರೆ ಫೋನ್ ಮಾಡಿ, ಆಮೇಲೆ ಪತ್ರ ಬರೆಯಿರಿ. ಸ್ಕ್ರ್ಯಾಪ್ ಅಂಗಡಿಯವನು ಎಷ್ಟೇ ರೇಟು ಕೊಟ್ಟರೂ ಎಣ್ಣೆ ಮಾರಬೇಡಿ.

ರಾಡಾರೋಡಾ

ಕಟ್ಟಡ ತ್ಯಾಜ್ಯದ 2016ರ ನಿಯಮದಂತೆ ದೊಡ್ಡ ಸೈಟುಗಳು ರಾಡಾರೋಡಾವನ್ನು ನಾಲ್ಕು ಗುಂಪು ಮಾಡಬೇಕಿತ್ತು: ಕಾಂಕ್ರೀಟ್, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ. 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ನಿಯಮ 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ಯೋಜನೆಗಳ ಹೊಣೆ ಹೆಚ್ಚಿಸಿದೆ. ನಾಲ್ಕು ರಾಶಿಗೆ ಜಾಗವನ್ನು ಮೊದಲ ದಿನವೇ ಗುರುತಿಸಿ. ಪುಣೆಯಲ್ಲಿ ವಾಘೋಲಿಯ ಸಂಸ್ಕರಣಾ ಘಟಕಕ್ಕೆ ಕಳಿಸಿ, ತೂಕದ ಚೀಟಿ ತೆಗೆದಿಡಿ.

ಮಳೆಗಾಲಕ್ಕೆ ಮುಂಚೆ

ನೀರು ಹೊರಬಿಡುವ ಸಿದ್ಧತೆಯನ್ನು ಮೇ 20ರೊಳಗೆ ಮುಗಿಸಿ. ಬೇಸ್‌ಮೆಂಟ್ ಗುಂಡಿಯ ನೀರನ್ನು ನೇರ ಗಟಾರಕ್ಕೆ ಪಂಪ್ ಮಾಡುವುದೇ ದೊಡ್ಡ ತಪ್ಪು. ಮಣ್ಣು ಗಟಾರದಲ್ಲಿ ಕೂತು ಮೊದಲ ಜೋರು ಮಳೆಗೆ ಪಕ್ಕದ ಸೊಸೈಟಿಗೆ ನೀರು ನುಗ್ಗುತ್ತದೆ. ಉಳಿದ ಮಣ್ಣು ಮುಳಾ-ಮುಠಾ ನದಿ ಸೇರುತ್ತದೆ. ಮೂರು ಕೋಣೆಯ ತೊಟ್ಟಿ ಕಟ್ಟಿಸಿ. ಪಂಪಿನ ಪೈಪು ಮೊದಲ ಕೋಣೆಗೆ ಮಾತ್ರ. ಮೂರನೆಯದರಿಂದ ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ಬೆಳಕಿಗೆ ಎತ್ತಿ ನೋಡಿ. ಬಾಟಲಿಯ ಆಚೆ ನಿಮ್ಮ ಬೆರಳು ಸ್ಪಷ್ಟವಾಗಿ ಕಂಡರೆ ಬಿಡಿ, ಇಲ್ಲದಿದ್ದರೆ ಪಂಪು ನಿಲ್ಲಿಸಿ. ರಾತ್ರಿ ಪಾಳಿಯವರಿಗೂ ಈ ಬಾಟಲಿ ಪರೀಕ್ಷೆ ಕಲಿಸಿ. ನೀರು ನೇರ ಹೊರಗೆ ಬಿಡುವುದು ಹೆಚ್ಚಾಗಿ ರಾತ್ರಿಯೇ.

ವರದಿ ಮತ್ತು ಫೋಟೊ

ಪರಿಸರ ಅನುಮತಿಯ ಅರ್ಧವಾರ್ಷಿಕ ವರದಿ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಅಪಾಯಕಾರಿ ತ್ಯಾಜ್ಯದ ವಾರ್ಷಿಕ ಲೆಕ್ಕ ಜೂನ್ 30ಕ್ಕೆ, ಮಂಡಳಿಗೆ ವರ್ಷಕ್ಕೊಮ್ಮೆ ಕೊಡುವ ಪರಿಸರ ಹೇಳಿಕೆ (ಎನ್ವಿರಾನ್‌ಮೆಂಟ್ ಸ್ಟೇಟ್‌ಮೆಂಟ್) ಸೆಪ್ಟೆಂಬರ್ 30ಕ್ಕೆ. ಕ್ಯಾಲೆಂಡರಿನಲ್ಲಿ ಒಂದು ತಿಂಗಳ ಮುಂಚಿನ ತಾರೀಖಿಗೆ ಕೆಂಪು ಗುರುತು ಹಾಕಿ.

ಫೋಟೊ ಪ್ರತಿ ತಿಂಗಳೂ ಹೊಸದು ತೆಗೆಯಿರಿ. ನಾನು ಸೇರಿದ ಹೊಸತರಲ್ಲಿ ಒಂದು ಸೈಟಿನ ವರದಿಗೆ ನನ್ನ ಹಿಂದಿನವರ ಫೋಟೊವನ್ನೇ ಹಾಕಿಬಿಟ್ಟೆ. ಪರಿಶೀಲಿಸಲು ಬಂದ ಅಧಿಕಾರಿ ಒಂದು ಮೂಲೆಯ ಮೇಲೆ ಬೆರಳಿಟ್ಟರು. ಬೇಲಿಯ ಆಚೆ ಗಣೇಶೋತ್ಸವದ ಬ್ಯಾನರ್ ಇತ್ತು. ಅದರ ಮೇಲೆ ಎರಡು ವರ್ಷ ಹಿಂದಿನ ಇಸವಿ. ಅವರು ಬೈಯಲಿಲ್ಲ. ಉಳಿದ ನಲವತ್ತು ಪುಟವನ್ನು ಒಂದೊಂದೇ ಸಾಲು ಬಿಡದೆ ಓದಿದರು, ಅವತ್ತು ಸಂಜೆ ಏಳರವರೆಗೆ. ತಪ್ಪು ನನ್ನದೇ. ಈಗ ಫೋಟೊದಲ್ಲಿ ಅವತ್ತಿನ ಪೇಪರ್ ಅಥವಾ ತಾರೀಖು ಬರೆದ ಹಲಗೆ ಇರಲೇಬೇಕು ಎಂದು ನಿಯಮ ಮಾಡಿಕೊಂಡಿದ್ದೇನೆ.

ದಿನದ ಲೆಕ್ಕಕ್ಕೆ ರೂಲು ಹಾಕಿದ ದಪ್ಪ ಪುಸ್ತಕವೇ ಒಳ್ಳೆಯದು. ಎಕ್ಸೆಲ್‌ನಲ್ಲಿ ತಿಂಗಳ ಕೊನೆಗೆ ಕೂತು ಮೂವತ್ತು ದಿನ ಒಟ್ಟಿಗೆ ತುಂಬುವ ಆಸೆ ಬರುತ್ತದೆ. ಪುಸ್ತಕದಲ್ಲಿ ಒಂದೇ ಪೆನ್ನು, ಒಂದೇ ಬರಹ ಇದ್ದರೆ ಕಂಡುಹಿಡಿಯುವುದು ಸುಲಭ. ನೀರು ಹೊಡೆದವರೇ ಸಹಿ ಹಾಕಲಿ, ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ. ಇನ್‌ಸ್ಪೆಕ್ಷನ್‌ಗೆ ಬಂದವರನ್ನು ಏಸಿ ಕೋಣೆಗಿಂತ ಮೊದಲು ಗೇಟಿಗೆ ಕರೆದುಕೊಂಡು ಹೋಗಿ, ಕೇಳಿದ್ದಕ್ಕೆ ಕೆಲಸ ಮಾಡುವವರೇ ಉತ್ತರ ಹೇಳಲಿ.

ಕಟ್ಟಡ ಮುಗಿದು ನೀವು ಬೇರೆ ಸೈಟಿಗೆ ಹೋಗುವಾಗ ಪುಸ್ತಕ, ನೀಲಿ ಪ್ರತಿಗಳು, ತೂಕದ ಚೀಟಿಗಳನ್ನು ಎಣಿಸಿ ಮುಂದಿನವರ ಕೈಗೆ ಕೊಡಿ, ಸಹಿ ತೆಗೆದುಕೊಳ್ಳಿ. ಕೊಳಚೆ ನೀರು ಶುದ್ಧೀಕರಿಸುವ ಘಟಕವನ್ನು ನಡೆಸುವವರ ಎದುರು ಒಮ್ಮೆ ಪೂರ್ತಿ ಓಡಿಸಿ ತೋರಿಸಿ. ಎಣ್ಣೆ ಡ್ರಮ್ ಇಟ್ಟಿದ್ದ ನೆಲದಲ್ಲಿ ಕಲೆ ಉಳಿದಿದ್ದರೆ ಆ ಸಿಮೆಂಟನ್ನೂ ಒಡೆಸಿ, ಅಪಾಯಕಾರಿ ತ್ಯಾಜ್ಯದ ಜೊತೆಗೇ ಕಳಿಸಿ. ಮನೆಗಳಿಗೆ ಜನ ಬಂದ ಮೇಲೆ ಮಕ್ಕಳು ಆಡುವುದು ಅದೇ ಮೂಲೆಯಲ್ಲಿ.