ಸಿನಿಮಾ ನಡುವೆ ನಿಲ್ಲಿಸಿ ಮಾತಾಡಿಸುವುದು: ಹಾನಗಲ್ ತಾಲ್ಲೂಕಿನಿಂದ ನನ್ನ ಅನುಭವ

ನಾನು ಹಾನಗಲ್ ತಾಲ್ಲೂಕಿನಲ್ಲಿ ಮಾಸ್ತರ. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಅನಿಮೇಷನ್ ಸಿನಿಮಾ ತೋರಿಸುತ್ತೇನೆ. 'ಕಾಡು ಉಳಿಸಿ, ನಾಡು ಬೆಳೆಸಿ' ಅಂತ ಪ್ರಬಂಧ ಬರೆದು ಬರೆದು ಅವರಿಗೆ ಸಾಕಾಗಿದೆ. ಹಾಗಾಗಿ ಒಬ್ಬ ಕೆಟ್ಟವನನ್ನು ಸೋಲಿಸಿದ ಕೂಡಲೇ ಎಲ್ಲ ಹಸಿರಾಗಿಬಿಡುವ ಕಥೆಗಳನ್ನು ನಾನು ಹಾಕುವುದಿಲ್ಲ.

ಸಣ್ಣವರಿಗೆ ಮೊದಲು ಜಪಾನಿನ ನಿರ್ದೇಶಕ ಹಯಾವೊ ಮಿಯಾಜಾಕಿಯವರ 2001ರ 'ಸ್ಪಿರಿಟೆಡ್ ಅವೇ'. ಅದರಲ್ಲಿ ಗಬ್ಬು ನಾರುವ ದೇವರೊಂದು ಸ್ನಾನಕ್ಕೆ ಬರುತ್ತದೆ, ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ, ಚಿಹಿರೊ ಅನ್ನುವ ಹುಡುಗಿ ಕೈಗೆ ಮಾತ್ರ ಅದರ ಮೈಯಲ್ಲಿ ಚುಚ್ಚಿಕೊಂಡ ಮುಳ್ಳಿನಂಥದ್ದೇನೋ ತಾಗುತ್ತದೆ. ಹಗ್ಗ ಕಟ್ಟಿ ಎಳೆದರೆ ಅದು ಸೈಕಲ್ಲಿನ ಹ್ಯಾಂಡಲ್! ಸೈಕಲ್ಲಿನ ಹಿಂದೆ ರಾಶಿ ರಾಶಿ ಕಸ. ಅದು ನಾರುವ ದೇವರೇ ಅಲ್ಲ, ಒಂದು ನದಿ. ಮಿಯಾಜಾಕಿಯವರು ನದಿ ಸ್ವಚ್ಛ ಮಾಡಲು ಇಳಿದಾಗ ನಿಜವಾಗಿಯೂ ಸೈಕಲ್ ಎಳೆದು ತೆಗೆದಿದ್ದರು.

ಹಗ್ಗ ಬಿಗಿಯಾಗುವ ಹೊತ್ತಿಗೆ ನಾನು ನಿಲ್ಲಿಸುತ್ತೇನೆ. 'ನಮ್ಮೂರ ಕೆರೆಗೆ ಹಿಂಗ ಹಗ್ಗ ಹಾಕಿ ಎಳೆದರ ಏನೇನು ಬರ್ತದ?' ಗುಟ್ಕಾ ಚೀಟಿ, ಗಣಪ್ಪನ ಕೈ, ಹರಿದ ಚಪ್ಪಲಿ ಅಂತ ಒಬ್ಬರ ಮೇಲೊಬ್ಬರು ಕೂಗುತ್ತಾರೆ. ಒಮ್ಮೆ ಒಬ್ಬ ಹುಡುಗಿ ಮೆಲ್ಲಗೆ ಅಂದಳು, 'ನಮ್ಮಪ್ಪ ಎಣ್ಣಿ ಹೊಡ್ಯೋ ಪಂಪ್ ಅಲ್ಲೇ ತೊಳಿತಾನ್ರಿ ಸರ್.' ಬೆಳೆಗೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಎಣ್ಣಿ ಅನ್ನುತ್ತಾರೆ. ಆಮೇಲಿನ ಮಾತೆಲ್ಲ ಪಂಪ್ ಎಲ್ಲಿ ತೊಳೆಯಬೇಕು ಅನ್ನುವುದರ ಮೇಲೇ ನಡೆಯಿತು. ಯಾರೂ ಅವಳ ಅಪ್ಪನನ್ನು ಬೈಯಲಿಲ್ಲ. ನನಗೆ ಬೇಕಾದದ್ದು ಇಂಥ ಮಾತೇ.

ದೊಡ್ಡ ಮಕ್ಕಳಿಗೆ ಮಿಯಾಜಾಕಿಯವರದೇ 1997ರ 'ಪ್ರಿನ್ಸೆಸ್ ಮೊನೊನೊಕೆ'. ಕೈ, ತಲೆ ಕತ್ತರಿಸುವ ದೃಶ್ಯಗಳಿವೆ, ಸಣ್ಣವರಿಗೆ ಬೇಡವೇ ಬೇಡ. ಎಬೋಷಿ ಅನ್ನುವ ಹೆಂಗಸು ಕಬ್ಬಿಣ ಕರಗಿಸಲು ಕಾಡು ಬರಿದು ಮಾಡಿಸುತ್ತಾಳೆ. ಆದರೆ ವೇಶ್ಯಾಗೃಹಗಳಿಂದ ಹೆಂಗಸರನ್ನು ಬಿಡಿಸಿ ತಂದು ಕೆಲಸ ಕೊಟ್ಟವಳೂ ಅವಳೇ, ಕುಷ್ಠರೋಗಿಗಳಿಗೆ ಆಸರೆಯೂ ಅವಳೇ. ಆ ಹೆಂಗಸರು ಹಾಡುತ್ತ ತಿದಿ ತುಳಿಯುವಾಗ ನಿಲ್ಲಿಸಿ ಕೇಳುತ್ತೇನೆ: ಈ ಭಟ್ಟಿ ಮುಚ್ಚಿದರೆ ಇವರು ಎಲ್ಲಿಗೆ ಹೋಗಬೇಕು? ಕ್ಲಾಸು ಎರಡು ಭಾಗ ಆಗಿಬಿಡುತ್ತದೆ.

ಆ ಜಗಳ ಕಾವೇರಿದಾಗಲೇ ನಮ್ಮ ತಾಲ್ಲೂಕಿನ ಕುಸನೂರಿನ ಕಥೆ ಹೇಳುತ್ತೇನೆ. ದನ ಮೇಯುವ, ಸೌದೆ ಸಿಗುವ ಊರಿನ ಜಾಗವನ್ನು ಕಾರ್ಖಾನೆಗೆ ನೀಲಗಿರಿ ಬೆಳೆಯಲು ಕೊಟ್ಟಿದ್ದರು. 1987ರ ನವೆಂಬರ್ 14ರಂದು ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಅದೇ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ, ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ ಅದರ ಹಿಂದೆ ಇತ್ತು. ನೀಲಗಿರಿಯೂ ಗಿಡವೇ, ಅದನ್ನು ಕಿತ್ತವರು ಪರಿಸರ ಉಳಿಸಿದರು ಅನ್ನುವುದು ಹೇಗೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ನಾನು ಉತ್ತರ ಕೊಡುವುದಿಲ್ಲ, ಮನೆಯಲ್ಲಿ ಅಜ್ಜ-ಅಜ್ಜಿಯರನ್ನು ಕೇಳಿಕೊಂಡು ಬರಲು ಹೇಳುತ್ತೇನೆ.

ನೀವೂ ತೋರಿಸುವುದಾದರೆ ಮೊದಲು ಒಬ್ಬರೇ ನೋಡಿ, ಎಲ್ಲಿ ನಿಲ್ಲಿಸಬೇಕು ಅಂತ ಗುರುತು ಮಾಡಿಕೊಳ್ಳಿ. ಸಬ್‌ಟೈಟಲ್ ಓದಲು ಮಕ್ಕಳಿಗೆ ಕಷ್ಟ, ಸಿನಿಮಾದ ದನಿ ಇಳಿಸಿ ಮಾತುಗಳನ್ನು ನೀವೇ ನಮ್ಮ ಭಾಷೆಯಲ್ಲಿ ಹೇಳಿ. ಎರಡು ಕಡೆಗಿಂತ ಜಾಸ್ತಿ ನಿಲ್ಲಿಸಬೇಡಿ, ಕಥೆಯ ರುಚಿ ಹೋಗುತ್ತದೆ.