ಅದಿರಿನಿಂದ ಎಷ್ಟು ಕಬ್ಬಿಣ? ಸಮೀಕರಣದಿಂದಲೇ ಲೆಕ್ಕ ಹಾಕುವ ಕ್ರಮ

ಊದುಕುಲುಮೆಯಲ್ಲಿ ಅದಿರಿನೊಳಗಿನ ಫೆರಿಕ್ ಆಕ್ಸೈಡ್ (ಕಬ್ಬಿಣ ಮತ್ತು ಆಕ್ಸಿಜನ್ ಸೇರಿದ ಸಂಯುಕ್ತ) ಕಾರ್ಬನ್ ಮೊನಾಕ್ಸೈಡಿನೊಂದಿಗೆ ವರ್ತಿಸಿ ಕಬ್ಬಿಣವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಕೊಡುತ್ತದೆ. ಒಂದು ವಸ್ತು ಆಕ್ಸಿಜನ್ ಕಳೆದುಕೊಂಡು ಇನ್ನೊಂದು ವಸ್ತು ಅದನ್ನು ಪಡೆಯುವುದರಿಂದ ಇದು ರೆಡಾಕ್ಸ್ (ಅಪಕರ್ಷಣ-ಉತ್ಕರ್ಷಣ) ಕ್ರಿಯೆ.

ಈ ಕ್ರಿಯೆಯ ಸಮೀಕರಣವನ್ನು ಸರಿದೂಗಿಸುವಾಗ, ಅಂದರೆ ಎರಡೂ ಬದಿಯ ಪರಮಾಣುಗಳನ್ನು ಸಮ ಮಾಡುವಾಗ, ಅಣುಸೂತ್ರದೊಳಗಿನ ಸಂಖ್ಯೆಗಳನ್ನು ಮುಟ್ಟಬಾರದು. ಹಾಗೆ ಮಾಡಿದರೆ ವಸ್ತುವೇ ಬದಲಾಗುತ್ತದೆ. ಫೆರಿಕ್ ಆಕ್ಸೈಡಿನ ಒಂದು ಘಟಕದಲ್ಲಿ 2 ಕಬ್ಬಿಣ, 3 ಆಕ್ಸಿಜನ್ ಪರಮಾಣುಗಳಿವೆ. ಪ್ರತಿ ಕಾರ್ಬನ್ ಮೊನಾಕ್ಸೈಡ್ ಅಣುವೂ ಒಂದೇ ಆಕ್ಸಿಜನ್ ಪರಮಾಣುವನ್ನು ಒಯ್ಯಬಲ್ಲದಾದ್ದರಿಂದ ಅಂಥ 3 ಅಣುಗಳು ಬೇಕು. ಬಲಬದಿಯಲ್ಲಿ 2 ಕಬ್ಬಿಣ, 3 ಕಾರ್ಬನ್ ಡೈಆಕ್ಸೈಡ್ ಬರೆಯಬೇಕು. (ಆಕ್ಸಿಜನ್ನನ್ನು ಸುಮ್ಮನೆ ಎಣಿಸುತ್ತ ಕೂರುವುದಕ್ಕಿಂತ ಈ ದಾರಿ ಸುಲಭ.)

ಇನ್ನು ರಾಶಿ. ಪರಮಾಣು ರಾಶಿ ಕಬ್ಬಿಣಕ್ಕೆ 56, ಆಕ್ಸಿಜನ್ನಿಗೆ 16 ಎಂದಿಟ್ಟುಕೊಂಡರೆ, ಒಂದು ಮೋಲ್ (ಸೂತ್ರದ ಪರಮಾಣು ರಾಶಿಗಳ ಮೊತ್ತದಷ್ಟು ಗ್ರಾಂ) ಆಕ್ಸೈಡ್ 160 ಗ್ರಾಂ, ಅದರಿಂದ ಬರುವ ಕಬ್ಬಿಣ 112 ಗ್ರಾಂ. ಹೀಗಾಗಿ 1,000 ಕಿಲೋ ಶುದ್ಧ ಆಕ್ಸೈಡಿನಿಂದ ಹೆಚ್ಚೆಂದರೆ 700 ಕಿಲೋ. ಅದಿರಿನಲ್ಲಿ ಆಕ್ಸೈಡ್ ಶೇ. 90ರಷ್ಟೇ ಇದ್ದರೆ 630 ಕಿಲೋ.