ಗ್ಲೌಸ್ ತರಿಸ್ತೀರಾ? ಮೊದಲು ಅಂಗೈ ಕಡೆ ನೋಡಿ

ತುಮಕೂರಲ್ಲಿ ಕ್ರೀಡಾ ಸಾಮಾನಿನ ಅಂಗಡಿ ಇಟ್ಟುಕೊಂಡು ಹೊರದೇಶದಿಂದ ಗ್ಲೌಸ್ ತರಿಸೋರು ಮೊದಲು ಮಾಡೋ ತಪ್ಪು ಒಂದೇ: ಆಟದ ಸಾಮಾನು ಅಲ್ವಾ ಅಂತ ಕಸ್ಟಮ್ಸ್ ಸುಂಕದ ಪಟ್ಟಿಯಲ್ಲಿ ಆಟದ ಸಾಮಾನಿಗಿರುವ ಕೋಡ್ 9506 ಅನ್ನೇ ಸುಮ್ನೆ ಬರೆದುಬಿಡುವುದು. ಆ ಕೋಡ್ ಇರುವ 95ನೇ ಅಧ್ಯಾಯದ ಟಿಪ್ಪಣಿಯೇ ಗ್ಲೌಸನ್ನು ಹೊರಗಿಡುತ್ತದೆ, ಯಾವುದರಿಂದ ಮಾಡಿದ್ದು ಅನ್ನುವುದೇ ಲೆಕ್ಕ.

ಚರ್ಮದ್ದಾದರೆ, ಆಟಕ್ಕೆಂದೇ ಮಾಡಿದ್ದಾದರೆ 4203 21. ಹೆಣೆದ ಬಟ್ಟೆಯದು 6116, ನೇಯ್ದದ್ದು 6216. ರಬ್ಬರಿನದು 4015, ಪ್ಲಾಸ್ಟಿಕ್‌ನದು 3926.

ತಲೆನೋವು ಬರುವುದು ಅಂಗೈಗೆ ಚರ್ಮ, ಹಿಂಬದಿಗೆ ಬಟ್ಟೆ ಇದ್ದಾಗ. ಆಗ ಗ್ಲೌಸಿನ ಮುಖ್ಯ ಗುಣ ಯಾವ ವಸ್ತುವಿನಿಂದ ಬರುತ್ತದೆ ಅಂತ ನೋಡಬೇಕು, ತೂಕ ಜಾಸ್ತಿ ಇರುವುದೇ ಗೆಲ್ಲಬೇಕೆಂದಿಲ್ಲ. ಹಾಗಾಗಿ ಮಾರುವವರಿಂದ ಯಾವ ಭಾಗಕ್ಕೆ ಏನು ಬಳಸಿದ್ದಾರೆ ಅಂತ ಬರಹದಲ್ಲೇ ತರಿಸಿಕೊಳ್ಳಿ. ಇನ್‌ವಾಯ್ಸ್‌ನಲ್ಲಿ ಬರೀ 'ಗ್ಲೌಸ್' ಅಂತಿದ್ದರೆ ಪ್ರಯೋಜನವಿಲ್ಲ. ಆದರೂ ಗೊಂದಲವೇ? ಸರಕು ಬರುವ ಮೊದಲೇ ಯಾವ ಕೋಡ್ ಅಂತ ಕಸ್ಟಮ್ಸ್‌ನಲ್ಲಿ ಮುಂಗಡ ತೀರ್ಪು ಕೇಳಬಹುದು.